ಕರೆಂಟಿಗೊಂದು ನ್ಯಾಯ, ನೀರಿಗೊಂದು ನ್ಯಾಯ

*ನಳ್ಳಿಯಲ್ಲಿ ನೀರು ಬಂದರೆ ಸಾಕು. ದರ ಹೇಗೆ ಕಟ್ಟಿದರು, ಗುತ್ತಿಗೆಯಲ್ಲಿ ಏನಿದೆ ಎಂದು ಊರ ಮುಂದೆ ಹರಡಿ ಪ್ರಯೋಜನವೇನು? ಅದಕ್ಕೊಂದು ಕಾನೂನು ಬೇರೆ ಬೇಕೆ?*
– ನಿವೃತ್ತ ಅಧ್ಯಾಪಕರು, ಕದ್ರಿ

ಮಾಷ್ಟ್ರೇ, ಕಡತ ಬಯಲಿಗಿಟ್ಟ ಮಾತ್ರಕ್ಕೆ ಒಡೆದ ಪೈಪು ಕೂಡಿಕೊಳ್ಳುವುದಿಲ್ಲ, ನಿಜ. ಇಂಜಿನಿಯರು ಕೆಲಸ ಬಿಟ್ಟು ಅರ್ಜಿಗಳಿಗೆ ಉತ್ತರ ಬರೆಯುತ್ತ ಕೂರುವುದೂ ಬೇಡ. ಅಷ್ಟು ಒಪ್ಪಿದೆ.

ಆದರೆ ನಮಗೆ ಕರೆಂಟು ಕೊಡುವ ಕಂಪನಿ ಮೆಸ್ಕಾಂನ ದರದ ಬಗ್ಗೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಡೆಸುವ ಸಾರ್ವಜನಿಕ ವಿಚಾರಣೆಗೆ ನೀವೊಮ್ಮೆ ಬರಬೇಕಿತ್ತು. ಪಂಪ್‌ಸೆಟ್ಟಿನ ಕೃಷಿಕರು, ಐಸ್ ಪ್ಲಾಂಟಿನವರು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಾಗದ ಹಿಡಿದು ಕೂತಿರುತ್ತಾರೆ. ಅಡಕೆ ತೋಟದ ಹಿರಿಯರೊಬ್ಬರು ಕನ್ನಡಕ ಹಣೆಗೇರಿಸಿ, ಕಂಪನಿಯದೇ ಅರ್ಜಿಯಲ್ಲಿ ಪೆನ್ಸಿಲ್ ಗೆರೆ ಎಳೆದ ಪುಟ ತೆರೆದು, "ಈ ಲೈನ್ ನಷ್ಟ ನಮ್ಮ ತಲೆಗೆ ಯಾಕೆ ಸ್ವಾಮೀ?" ಎಂದು ಕೇಳಿದರು. ಅಧಿಕಾರಿ ಎದ್ದು ಉತ್ತರ ಹೇಳಲೇಬೇಕಾಯಿತು. ಇದು ಯಾರ ದೊಡ್ಡ ಮನಸ್ಸೂ ಅಲ್ಲ. ದರದ ಅರ್ಜಿ ಪ್ರಕಟಿಸಿ ಜನರ ಆಕ್ಷೇಪ ಪರಿಶೀಲಿಸಿ ಎನ್ನುತ್ತದೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ 64ನೇ ಕಲಂ. ಆಯೋಗದ ಕೆಲಸವೇ ಪಾರದರ್ಶಕವಾಗಿರಬೇಕೆನ್ನುತ್ತದೆ 86ನೆಯದು.

ನಳ್ಳಿ ನೀರಿಗೆ ಅಂಥ ಆಯೋಗ ಕರ್ನಾಟಕದಲ್ಲಿಲ್ಲ. ಮಹಾರಾಷ್ಟ್ರ 2005ರಲ್ಲೇ ಕಾಯ್ದೆ ಮಾಡಿ ಪ್ರಾಧಿಕಾರ ಕಟ್ಟಿತು, ಅದೂ ಸಗಟು ನೀರಿನ ದರಕ್ಕೆ. ನಮ್ಮಲ್ಲಿ ನೀರು ಕೊಡುವವರು, ದರ ಕಟ್ಟುವವರು, ದೂರು ಕೇಳುವವರು ಎಲ್ಲ ಒಂದೇ ಬಳಗ.

ಬರ್ಲಿನ್ನಿನವರಿಗೂ ಮೊದಲು ನಿಮ್ಮ ಹಾಗೇ ಅನಿಸಿತ್ತೋ ಏನೋ. 1999ರಲ್ಲಿ ಅಲ್ಲಿನ ಜಲಸಂಸ್ಥೆಯ ಅರ್ಧದಷ್ಟು ಪಾಲನ್ನು ಖಾಸಗಿಯವರಿಗೆ ಮಾರಿ ಒಪ್ಪಂದವನ್ನು ಗುಟ್ಟಾಗಿಟ್ಟರು. 2011ರ ಫೆಬ್ರವರಿಯಲ್ಲಿ ಜನಮತಗಣನೆ ನಡೆದಾಗ ಮತ ಹಾಕಿದವರಲ್ಲಿ ನೂರಕ್ಕೆ 98 ಮಂದಿ 'ತೆರೆದಿಡಿ' ಎಂದರು, ಅದೇ ಕಾನೂನಾಯಿತು. ಒಪ್ಪಂದದೊಳಗೆ ಪಾಲುದಾರರಿಗೆ ಲಾಭದ ಖಾತರಿ ಬರೆದುಕೊಟ್ಟಿತ್ತು! 2013ರ ಹೊತ್ತಿಗೆ ನಗರ ಆ ಪಾಲನ್ನೆಲ್ಲ ಮರಳಿ ಕೊಂಡಿತು.

ಮಾಹಿತಿ ಹಕ್ಕು ಇದೆಯಲ್ಲ ಎನ್ನುವಿರಿ. ಇದೆ. ಯಾರೂ ಕೇಳದೆಯೇ ಪ್ರಕಟಿಸಬೇಕು ಎಂದು ಅದರ 4ನೇ ಕಲಂ ಹೇಳುತ್ತದೆ. ಪ್ರಕಟಿಸದಿದ್ದರೆ? 20ನೇ ಕಲಮಿನ ದಂಡ ಅರ್ಜಿಯ ವಿಷಯದಲ್ಲಿ ತಪ್ಪಿದವರಿಗೆ ಮಾತ್ರ, ತಾವಾಗಿ ಪ್ರಕಟಿಸದವರಿಗಲ್ಲ. ಗುತ್ತಿಗೆ ಪ್ರತಿ ಕೇಳಿದರೆ 'ವ್ಯಾಪಾರ ರಹಸ್ಯ' ಎಂಬ ಗುರಾಣಿ ಬೇರೆ. ಹಿರಿದಾದ ಸಾರ್ವಜನಿಕ ಹಿತವಿದ್ದರೆ ಅದನ್ನೂ ಕೊಡಬೇಕೆಂದು ಕಾಯ್ದೆಯಲ್ಲಿ ಆ ಗುರಾಣಿ ಕೊಡುವ ಸಾಲಿನ ಕೊನೆಗೇ ಇದೆ, ಅಲ್ಲಿಯವರೆಗೆ ಓದುವವರು ಕಡಿಮೆ.

ಮೇ ಬಂತೆಂದರೆ ಮಂಗಳೂರಿಗೆ ನೀರುಣಿಸುವ ತುಂಬೆ ಅಣೆಕಟ್ಟಿನಲ್ಲಿ ಎಷ್ಟು ನೀರಿದೆ, ಉಡುಪಿಯ ಬಜೆಯಲ್ಲಿ ಎಷ್ಟಿದೆ ಎಂದು ಪೇಪರಿನಲ್ಲಿ ಓದುತ್ತೇವೆ. ಅಣೆಕಟ್ಟಿನಿಂದ ಹೊರಟದ್ದು ದಾರಿಯಲ್ಲಿ ಎಷ್ಟು ಸೋರಿತು, ಯಾವ ವಾರ್ಡಿಗೆ ಎಷ್ಟು ಹೊತ್ತು ಬಿಟ್ಟರು, ನಳ್ಳಿ ನೀರಿನ ಪರೀಕ್ಷೆಯಲ್ಲಿ ಏನು ಸಿಕ್ಕಿತು ಎಂಬುದು ಬಿಲ್ಲಿನ ಬೆನ್ನಿಗೇ ಅಚ್ಚಾಗಲಿ, ಆಗದಿದ್ದರೆ ದಂಡ ಬೀಳಲಿ. ನಾನು ಕೇಳುವ ಕಾನೂನು ಇಷ್ಟೇ.

ಈಚೆಗೆ ಒಂದು ಸ್ಥಳೀಯ ಸಂಸ್ಥೆಯ ಬಜೆಟ್ ಹುಡುಕಿದೆ. ವೆಬ್‌ಸೈಟಿನಲ್ಲಿ ಸಿಕ್ಕಿತು, ಪುಟಗಳೆಲ್ಲ ಅಡ್ಡಡ್ಡ ಸ್ಕ್ಯಾನ್ ಆಗಿ. ಕುತ್ತಿಗೆ ವಾಲಿಸಿ ಓದಿದರೆ ಅಂಕಿಗಳ ಮೇಲೆಯೇ ಸೀಲು! ಉದ್ಘಾಟನೆಯ ಫ್ಲೆಕ್ಸ್ ಮಾತ್ರ ಮೈಲಿ ದೂರಕ್ಕೂ ಕಾಣುತ್ತದೆ. ನಮ್ಮ ಪತ್ರಕರ್ತರೂ ಫ್ಲೆಕ್ಸಿನ ಫೋಟೋ ಹಾಕಿ ಕೈತೊಳೆದುಕೊಳ್ಳುತ್ತಾರೆ.

ನಿಮ್ಮ ಅಕ್ಷರ ಮುತ್ತಿನಂತಿದೆ ಮಾಷ್ಟ್ರೇ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ನಿಮ್ಮ ವಾರ್ಡಿನ ನೀರಿನ ಪರೀಕ್ಷಾ ವರದಿ ಕೇಳಿ ನೋಡಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ನನಗೆ ಬರೆದಷ್ಟು ಉದ್ದ ಬರೆದೀರಿ, ತಿರಸ್ಕರಿಸಿಯಾರು.

– ಸಂಪಾದಕ