ಅವಳಿಗೇ ಯಾಕೆ ಬೈದಿರಿ?

ಕಳೆದ ಒಂದು ವರ್ಷದಲ್ಲಿ ಒಂದೇ ತರಹದ ತೊಂದರೆ ಹೊತ್ತು ನಾಲ್ಕು ಜನ ನನ್ನ ಹತ್ತಿರ ಸಮಾಲೋಚನೆಗೆ ಬಂದಿದ್ದಾರೆ. ನಾಲ್ವರೂ ಗಾರ್ಮೆಂಟ್ಸ್ ಲೈನ್ ಸೂಪರ್‌ವೈಸರ್‌ಗಳು. ಕಳಿಸಿದ್ದು ಫ್ಯಾಕ್ಟರಿಯ ಎಚ್‌ಆರ್‌ನವರು. "ಕೋಪ ಜಾಸ್ತಿ, ಸ್ವಲ್ಪ ಕಡಿಮೆ ಮಾಡಿ ಕಳಿಸಿ" ಅಂತ, ಜ್ವರಕ್ಕೆ ಮಾತ್ರೆ ಕೇಳುವ ಹಾಗೆ. ಅವರಲ್ಲಿ ಒಬ್ಬರ ವಿಷಯ ಇಲ್ಲಿ ಬರೆಯುತ್ತಿದ್ದೇನೆ. ಒಪ್ಪಿಗೆ ಕೇಳಿದ್ದೇನೆ, ಗುರುತು ಸಿಗುವ ವಿವರಗಳನ್ನು ಬದಲಾಯಿಸಿದ್ದೇನೆ.

38 ವರ್ಷದ ಹೆಂಗಸು. 9 ವರ್ಷ ಟೈಲರ್ ಆಗಿದ್ದು, 2 ವರ್ಷದ ಹಿಂದೆ ಸೂಪರ್‌ವೈಸರ್ ಆದವರು. ಬೆಂಗಳೂರಿನ ಪೀಣ್ಯದ ಕಡೆ ಕೆಲಸ, ಶರ್ಟ್ ಲೈನ್, 35 ಮಷಿನ್. ನಿದ್ದೆ ಬರುತ್ತಿರಲಿಲ್ಲ. ಮನೆಯಲ್ಲಿ ಮಗಳ ಮೇಲೂ ರೇಗುತ್ತಿದ್ದರು. ಬೇರೆ ಕಥೆಗಳೂ ಇದ್ದವು, ಅವು ಇಲ್ಲಿ ಬೇಡ.

ಮೊದಲ ಎರಡು ಸಲ ನಾನು ಎಲ್ಲರೂ ಹೇಳುವುದನ್ನೇ ಹೇಳಿದೆ. ಉಸಿರು ನಿಧಾನ ಮಾಡಿ, ಹತ್ತರವರೆಗೆ ಎಣಿಸಿ. ಅವರು ನಿಷ್ಠೆಯಿಂದ ಮಾಡಿದರು. ಮೂರನೇ ಸಲ ಬಂದು ಹೇಳಿದರು, "ಎಣಿಸ್ದೆ ಮೇಡಂ. ಹತ್ತಾದ್ಮೇಲೆ ಬೈದೆ." ಅವರ ಕಣ್ಣಲ್ಲಿ ನೀರಿತ್ತು. ಆಗ ನನಗೆ ಅರ್ಥವಾಯಿತು, ಇಷ್ಟು ದಿನ ನಾನು ಇವರ ಕೋಪವನ್ನು ಮುಚ್ಚಿಡಲು ಕಲಿಸುತ್ತಿದ್ದೆ, ಅದು ಯಾಕೆ ಬರುತ್ತಿದೆ ಅಂತ ಒಂದು ಸಲವೂ ಅವರ ಜೊತೆ ಕೂತು ನೋಡಿರಲಿಲ್ಲ.

ಅವತ್ತು ಬೇರೆ ರೀತಿ ಕೇಳಿದೆ.

"ನಿನ್ನೆ ಬೈದಿದ್ದನ್ನ ಮಾತ್ರ ಹೇಳಿ. ಎಷ್ಟು ಗಂಟೆ?"

"ಹನ್ನೊಂದು. ಪಿಎಂ, ಅಂದ್ರೆ ಪ್ರೊಡಕ್ಷನ್ ಮ್ಯಾನೇಜರ್, ಬಂದು ಬೋರ್ಡ್ ಮೇಲೆ ನಂಬರ್ ಬರೆದ್ರು. 60 ಪೀಸ್ ಆಗಬೇಕಿತ್ತು, 41 ಆಗಿತ್ತು."

"ಅವರು ಏನಂದ್ರು?"

"ಏನೂ ಅನ್ನಲಿಲ್ಲ. ನನ್ನ ಮುಖ ನೋಡಿ ಹೋದ್ರು."

"ಆಗ ನಿಮಗೆ ಏನಾಯ್ತು?"

"ಹೊಟ್ಟೆ ತೊಳಸಿದ ಹಾಗಾಯ್ತು. ಕೈ ತಣ್ಣಗಾಯ್ತು."

ಕೋಪ ಬಂದವರ ಕೈ ತಣ್ಣಗಾಯಿತು ಅನ್ನುವುದನ್ನು ನಾನು ಕೇಳಿದ್ದು ಕಡಿಮೆ. ಆದರೂ ತಡೆಯಲಿಲ್ಲ, ಮುಂದೆ ಕೇಳಿದೆ. "ಆಮೇಲೆ ಯಾರ ಹತ್ತಿರ ಹೋದ್ರಿ?"

"ಕಫ್ ಹೊಲಿಯೋ ಹುಡುಗಿ ಹತ್ತಿರ. ಒಡಿಶಾದವಳು. ಸುಮ್ನೆ ಕೂತಿದ್ಲು."

"ಮೊನ್ನೆ ಬೈದಿದ್ದು ಯಾರಿಗೆ?"

"ಅವಳಿಗೇ."

"ಅವಳ ಕೆಲಸ ಚೆನ್ನಾಗಿಲ್ವಾ?"

ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಡುತ್ತಿದ್ದರು. ಕೊನೆಗೆ ಹೇಳಿದರು. "ಇಲ್ಲ ಮೇಡಂ. ಅವಳ ಪೀಸ್ ಒಂದೂ ಆಲ್ಟರೇಷನ್‌ಗೆ ವಾಪಸ್ ಬರಲ್ಲ. ಅವಳಿಗೆ ಕನ್ನಡ ಬರಲ್ಲ. ತಿರುಗಿ ಮಾತಾಡಲ್ಲ. ಅದಕ್ಕೇ."

ಇನ್ನೂ ಸ್ವಲ್ಪ ಹೊತ್ತಾದ ಮೇಲೆ ಅವರೇ ಸೇರಿಸಿದರು, "ಅವಳ ಹತ್ರ ಹೊಲಿಯೋಕೆ ಪೀಸ್ ಬಂಡಲ್ಲೇ ಇರಲಿಲ್ಲ ಮೇಡಂ. ತೋಳು ಜೋಡಿಸೋ ಸ್ಲೀವ್ ಅಟ್ಯಾಚ್‌ನಲ್ಲಿ ರಾಶಿ ಬಿದ್ದಿತ್ತು. ಅಲ್ಲಿಂದ ಬಂದ್ರೆ ತಾನೇ ಅವಳು ಕಫ್ ಹಾಕೋದು?"

9 ವರ್ಷ ಮಷಿನ್ ಮೇಲೆ ಕೂತವರಿಗೆ ಇದು ಗೊತ್ತಿಲ್ಲದ ವಿಷಯವೇ ಅಲ್ಲ. ಸ್ಲೀವ್ ಮಷಿನ್‌ನಲ್ಲಿ ಇರುವವರು ಹಳಬರು, ಮಾತಿಗೆ ಮಾತು ಕೊಡುವವರು. ಹೆದರಿಕೆ ಇವರನ್ನು ಆ ರಾಶಿಯಿಂದ ತಪ್ಪಿಸಿ, ಕೈ ಖಾಲಿ ಇದ್ದ, ಬಾಯಿ ಇಲ್ಲದ ಹುಡುಗಿಯ ಮುಂದೆ ತಂದು ನಿಲ್ಲಿಸುತ್ತಿತ್ತು. ಅದಕ್ಕೆ ಎಲ್ಲರೂ ಕೋಪ ಅಂತ ಹೆಸರಿಟ್ಟಿದ್ದರು. ಅವರೂ, ಎಚ್‌ಆರ್ ಕೂಡ. ನಾನೂ.

ಭಾವನಾತ್ಮಕ ಬುದ್ಧಿವಂತಿಕೆ ಅಂದರೆ ಮೃದುವಾಗಿ ಮಾತಾಡುವುದು, ನಗುನಗುತ್ತಾ ಇರುವುದು, ಸಹಿಸಿಕೊಳ್ಳುವುದು ಅಂತ ಈಗ ಬಹಳ ಕಡೆ ತರಬೇತಿ ನಡೆಯುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. 1990ರಲ್ಲಿ ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ವಿವರಿಸಿದಾಗ ಹೇಳಿದ್ದು ಬೇರೆ. ನಮ್ಮ ಭಾವನೆ, ಎದುರಿನವರ ಭಾವನೆ ಎರಡನ್ನೂ ಗಮನಿಸಬೇಕು, ಇದು ಯಾವುದು ಅಂತ ಬೇರ್ಪಡಿಸಿ ಗುರುತಿಸಬೇಕು, ಆ ತಿಳಿವಳಿಕೆಯನ್ನು ಯೋಚನೆಗೂ ಕೆಲಸಕ್ಕೂ ಬಳಸಬೇಕು. ಸಿಹಿಯಾಗಿರಿ ಅಂತ ಎಲ್ಲೂ ಇಲ್ಲ. ಇನ್ನು ನುಂಗಿಕೊಳ್ಳುವ ವಿಷಯ. ಮುಖದಲ್ಲಿ ತೋರಿಸದೆ ಅದುಮಿಟ್ಟರೂ ದೇಹ ಒಳಗೆ ಇನ್ನಷ್ಟು ಉದ್ವೇಗದಲ್ಲೇ ಇರುತ್ತದೆ ಅಂತ 1997ರಲ್ಲಿ ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್ಸನ್ ಪ್ರಯೋಗ ಮಾಡಿ ತೋರಿಸಿದರು. ಈ ಹೆಂಗಸಿಗೆ ರಾತ್ರಿ ನಿದ್ದೆ ಬಾರದೇ ಇದ್ದದ್ದರಲ್ಲಿ ಆಶ್ಚರ್ಯ ಏನಿದೆ?

ನಾನು ಕೊಟ್ಟ ಸಲಹೆ ಇದು. ಬೋರ್ಡ್ ಮೇಲೆ ನಂಬರ್ ಬಿದ್ದ ಕೂಡಲೇ ಯಾರ ಹತ್ತಿರವೂ ಹೋಗಬೇಡಿ. "ನನಗೆ ಹೆದರಿಕೆ ಆಗ್ತಿದೆ" ಅಂತ ಮನಸ್ಸಲ್ಲೇ ಹೇಳಿಕೊಳ್ಳಿ, ಕೋಪ ಅನ್ನಬೇಡಿ. ಆಮೇಲೆ ಲೈನ್ ಕೊನೆಯಿಂದ ಶುರುವಿನ ಕಡೆಗೆ ನಡೆಯಿರಿ, ಬಂಡಲ್ ಎಲ್ಲಿ ರಾಶಿ ಬಿದ್ದಿದೆಯೋ ಅಲ್ಲಿ ನಿಲ್ಲಿ, ಅಲ್ಲಿರುವವರನ್ನು "ಎಲ್ಲಿ ಸಿಕ್ಕಿಕೊಂಡಿದೆ?" ಅಂತ ಕೇಳಿ. ಮತ್ತೆ ಆ ಹುಡುಗಿಯ ಕ್ಷಮೆ ಕೇಳಿ. ಲೈನ್ ಮುಂದೆಯೇ.

ಕೊನೆಯ ಮಾತಿಗೆ ನನ್ನ ಜೊತೆ ಕೆಲಸ ಮಾಡುವವರೊಬ್ಬರು ಬೇಜಾರು ಮಾಡಿಕೊಂಡರು. ಹಾಗೆ ಮಾಡಿದರೆ ನಾಳೆಯಿಂದ ಯಾರೂ ಸೂಪರ್‌ವೈಸರ್ ಮಾತು ಕೇಳುವುದಿಲ್ಲ ಅಂದರು. ಬೈದದ್ದು 35 ಜನರ ಮುಂದೆ. ಕ್ಷಮೆ ಮಾತ್ರ ಮೂಲೆಯಲ್ಲಿ ಕೇಳುವುದು ಸರಿಯಾ? ಈಗಲೂ ನಾನು ಅದೇ ಹೇಳುತ್ತೇನೆ.

ಇನ್ನೊಂದು ಪ್ರಶ್ನೆಯೂ ಬರುತ್ತದೆ, ಅದು ನ್ಯಾಯವಾದದ್ದೇ. ಟಾರ್ಗೆಟ್ಟೇ ಜಾಸ್ತಿ ಇದ್ದರೆ ಸೂಪರ್‌ವೈಸರ್ ಮನಸ್ಸು ಸರಿಮಾಡಿ ಏನು ಪ್ರಯೋಜನ? ಟಾರ್ಗೆಟ್ ಇಳಿಸುವ ಶಕ್ತಿ ನನಗಿಲ್ಲ. ಆದರೆ ಇದು ನಾಜೂಕಿನ ಕೆಲಸ, ಉತ್ಪಾದನೆಗೆ ಸಂಬಂಧವಿಲ್ಲ ಅನ್ನುವ ಮ್ಯಾನೇಜರ್‌ಗಳಿಗೆ ಒಂದು ಮಾತು ಹೇಳಬಲ್ಲೆ. ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲೇ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿದ್ದಾರೆ. ಮಾತುಕತೆ, ಸಮಸ್ಯೆ ಬಿಡಿಸುವುದು ಇಂಥ ಕೌಶಲಗಳ ತರಬೇತಿ ಪಡೆದ ಹೆಣ್ಣುಮಕ್ಕಳ ಉತ್ಪಾದನೆ ಹೆಚ್ಚಿತು, ತರಬೇತಿ ಸಿಗದ ಅಕ್ಕಪಕ್ಕದವರಿಗೂ ಅದರ ಲಾಭ ಮುಟ್ಟಿತು. ಕಲಿಸಿದ್ದು ಕೆಳಗಿನವರಿಗೆ. ನನ್ನ ಆಸೆ, ಬೋರ್ಡ್ ಮೇಲೆ ನಂಬರ್ ಬರೆಯುವವರಿಂದಲೇ ಇದು ಶುರುವಾಗಲಿ. ಯಾರ ಕೈಯಲ್ಲಿ ಅಧಿಕಾರ ಇದೆಯೋ ಅವರ ಹೆದರಿಕೆ ಕೆಳಗಿನವರ ಮೇಲೆ ಬೀಳುತ್ತದೆ, ಅಲ್ವಾ?

ನನ್ನನ್ನು ಇನ್ನೂ ಕಾಡುವುದು ಬೇರೆ. ಬೈದವರು ನನ್ನ ಎದುರು ಕೂತು ಅತ್ತರು, ಅವರ ಮಾತು ಕೇಳಲು ಒಬ್ಬರಿದ್ದರು. ಬೈಸಿಕೊಂಡ ಹುಡುಗಿ ಹಾಸ್ಟೆಲ್‌ಗೆ ಹೋಗಿ ಯಾರಿಗೆ ಹೇಳಿದಳೋ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಬೇರೆ ಬೇರೆ ಭಾಷೆಯಲ್ಲಿ ಮಾತಾಡಬಹುದು. ಆ ನಂಬರನ್ನು ಲೈನ್ ಗೋಡೆಯ ಮೇಲೆ ಅಂಟಿಸಿ ಅಂತ ಎಚ್‌ಆರ್‌ಗೆ ಬರೆದೆ. ಅಂಟಿಸಿದ್ದಾರಂತೆ.

ಅವರು ಕ್ಷಮೆ ಕೇಳಿದರು. ಹಾಸ್ಟೆಲ್‌ನ ಇನ್ನೊಬ್ಬ ಹುಡುಗಿಯ ಹತ್ತಿರ ಒಡಿಯಾದಲ್ಲಿ ಒಂದು ಸಾಲು ಕಲಿತು ಹೇಳಿದರು. ಆ ಹುಡುಗಿ ತಲೆ ಎತ್ತಲಿಲ್ಲ, ಹೊಲಿಯುತ್ತಲೇ ಇದ್ದಳು. "ಏನೂ ಹೇಳಲಿಲ್ಲ ಮೇಡಂ" ಅಂತ ಬಂದು ನೊಂದುಕೊಂಡರು. ಅವಳು ಹೇಳಲೇಬೇಕು ಅಂತಿಲ್ಲ ಅಂದೆ.

ಎರಡು ವಾರದ ಮೇಲೆ ಒಂದು ದಿನ ಹತ್ತೂವರೆಗೆ, ಪಿಎಂ ಬರುವ ಮೊದಲೇ, ಆ ಹುಡುಗಿ ಕೈ ಎತ್ತಿದಳಂತೆ. "ದೀದಿ, ಬಂಡಲ್ ಇಲ್ಲ." ಇವರು ನೇರ ಸ್ಲೀವ್ ಮಷಿನ್ ಹತ್ತಿರ ಹೋದರು.

ಆ ರಾಶಿ ಕರಗಲು ಬೇಕಾದ ಎರಡನೇ ಸ್ಲೀವ್ ಮಷಿನ್ ಇನ್ನೂ ಬಂದಿಲ್ಲ. ಭಾನುವಾರ ಮತ್ತೆ ಬರುತ್ತಾರೆ. ಪಿಎಂ ಹತ್ತಿರ ಅದನ್ನು ಹೇಗೆ ಕೇಳುವುದು ಅಂತ ಬರೆದುಕೊಂಡು ಬರಲು ಹೇಳಿದ್ದೇನೆ.