5 ಕೆಜಿ ಮಾಲ್ಟ್ ಹಾಕಿದರೂ ಸಿಹಿ ಯಾಕೆ ಸಾಲುತ್ತಿಲ್ಲ?

ಪ್ರಶ್ನೆ: ಸರ್, ನಾನು ಚಿಂತಾಮಣಿಯವನು. ಬೆಂಗಳೂರಿನ ಒಂದು ಮೈಕ್ರೋಬ್ರೂವರಿಯಲ್ಲಿ (ಸಣ್ಣ ಬಿಯರ್ ತಯಾರಿಕಾ ಘಟಕ) ಕೆಲಸ ಕಲಿಯುತ್ತಿದ್ದೇನೆ. ರಜೆಗೆ ಊರಿಗೆ ಬಂದಾಗ ಮನೆಯಲ್ಲೇ ಸಣ್ಣದಾಗಿ ಮ್ಯಾಶ್ ಮಾಡಿ, ಅಂದರೆ ಒಡೆದ ಮಾಲ್ಟನ್ನು ಬಿಸಿನೀರಲ್ಲಿ ನೆನೆಸಿ ಅದರ ಪಿಷ್ಟವನ್ನು ಸಕ್ಕರೆ ಮಾಡಿ, ಅಭ್ಯಾಸ ಮಾಡುತ್ತೇನೆ. 5 ಕೆಜಿ ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), 15 ಲೀಟರ್ ಬೋರ್ ನೀರು, 66 ಡಿಗ್ರಿಯಲ್ಲಿ ಒಂದು ಗಂಟೆ. ಆಮೇಲೆ ಬಿಸಿನೀರು ಹೊಯ್ದು ತೊಳೆದು ಕುದಿಸಿದರೆ 20 ಲೀಟರ್ ವೋರ್ಟ್, ಅಂದರೆ ಮಾಲ್ಟಿನ ಸಿಹಿ ರಸ, ಸಿಗುತ್ತದೆ. ಹೈಡ್ರೋಮೀಟರಿನಲ್ಲಿ (ದ್ರವದ ಸಾಂದ್ರತೆ ಅಳೆಯುವ ಸಾಧನ, ಸಕ್ಕರೆ ಹೆಚ್ಚಿದಷ್ಟೂ ಅಂಕಿ ಹೆಚ್ಚು) 1.056 ಬರಬೇಕಿತ್ತು, 1.040 ದಾಟುತ್ತಿಲ್ಲ. ಮಾಲ್ಟನ್ನು ಊರಿನ ಹಿಟ್ಟಿನ ಮಿಷಿನ್‌ನಲ್ಲೇ ಒಡೆಸುತ್ತೇನೆ. ಮಾಲ್ಟ್ ಜಾಸ್ತಿ ಹಾಕಲಾ?

ಉತ್ತರ: ಈಗಲೇ ಬೇಡ. ಸಕ್ಕರೆ ಎಲ್ಲಿ ನಿಂತಿದೆ ಅಂತ ಗೊತ್ತಾಗದೆ ಮಾಲ್ಟ್ ಸುರಿದರೆ ದುಡ್ಡು ದಂಡ. (ವೋರ್ಟ್ ತನಕ ಸರಿ. ಯೀಸ್ಟ್ ಹಾಕಿ ಬಿಯರ್ ಮಾಡುವುದಾದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಪರವಾನಗಿ ಬೇಕು, ಗೊತ್ತಿರಲಿ.)

ಲೆಕ್ಕ ನೋಡೋಣ. ಒಂದು ಲೀಟರ್ ವೋರ್ಟ್ 1.040 ತೋರಿಸಿದರೆ ಅದರಲ್ಲಿ 40 ಪಾಯಿಂಟ್ ಅಂತ ಲೆಕ್ಕ. ಒಂದು ಕೆಜಿ ಪೇಲ್ ಮಾಲ್ಟ್ (ತಿಳಿ ಬಣ್ಣದ ಮಾಮೂಲಿ ಮಾಲ್ಟ್) ಹೆಚ್ಚೆಂದರೆ ಸುಮಾರು 300 ಪಾಯಿಂಟ್ ಕೊಡುತ್ತದೆ, 5 ಕೆಜಿಗೆ 1500. ನಿಮಗೆ ಸಿಕ್ಕಿದ್ದು 20 ಲೀಟರ್, ಲೀಟರಿಗೆ 40, ಅಂದರೆ 800. ಶೇಕಡಾ 53. ಮನೆ ಮಟ್ಟಕ್ಕೆ 70–75 ಬಂದರೆ ಸಾಕು.

ಆದರೆ ಈ 1.040 ನಿಜವಾ? ವೋರ್ಟ್ ಬಿಸಿ ಇದ್ದಾಗ ಹೈಡ್ರೋಮೀಟರ್ ಕಡಿಮೆ ತೋರಿಸುತ್ತದೆ. 20 ಡಿಗ್ರಿಗೆ ಮಾಡಿದ ಹೈಡ್ರೋಮೀಟರನ್ನು 40 ಡಿಗ್ರಿ ವೋರ್ಟಿಗೆ ಇಳಿಸಿದರೆ ಸುಮಾರು 6 ಪಾಯಿಂಟ್ ಹಾಗೇ ಹೋಗುತ್ತದೆ. ಪೂರ್ತಿ ಆರಿಸಿ ಅಳೆಯಿರಿ. ಥರ್ಮಾಮೀಟರನ್ನೂ ಕುದಿಯುವ ನೀರಲ್ಲಿಟ್ಟು ನೋಡಿ, ಆದರೆ 100 ತೋರಿಸಬೇಕು ಅಂದುಕೊಳ್ಳಬೇಡಿ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಎತ್ತರಕ್ಕೆ ನೀರು 97ರ ಹತ್ತಿರವೇ ಕುದಿಯುತ್ತದೆ. 100 ತೋರಿಸಿದರೆ ಅದು ಮೂರು ಡಿಗ್ರಿ ಸುಳ್ಳು ಹೇಳುತ್ತಿದೆ, ನಿಮ್ಮ 66 ನಿಜಕ್ಕೂ 63 ಇರಬಹುದು.

ಇನ್ನು ಮುಖ್ಯ ಪರೀಕ್ಷೆ. ಮ್ಯಾಶ್ ಮುಗಿದ ಕೂಡಲೇ, ತೊಳೆಯುವ ನೀರು ಹಾಕುವ ಮುಂಚೆ, ಚೆನ್ನಾಗಿ ಕಲಕಿ ಮೊದಲ ವೋರ್ಟ್ ಸ್ವಲ್ಪ ತೆಗೆದು ಆರಿಸಿ ಅಳೆಯಿರಿ. ಕೆಜಿಗೆ 3 ಲೀಟರ್ ನೀರಿನ ಲೆಕ್ಕದಲ್ಲಿ ಅದು 1.085ರ ಸುತ್ತಮುತ್ತ ಇರಬೇಕು. ಅಷ್ಟು ಬಂತು ಅಂದರೆ ಪಿಷ್ಟವೆಲ್ಲ ಸಕ್ಕರೆ ಆಗಿದೆ, ನೀವು ತೊಳೆಯುವಾಗ ಅದನ್ನು ಕಾಳಿನಲ್ಲೇ ಬಿಡುತ್ತಿದ್ದೀರಿ. ನೀರನ್ನು ಎರಡು ಸಲಕ್ಕೆ ಹಂಚಿ, ಪ್ರತಿ ಸಲ ಕಲಕಿ, ನಿಧಾನಕ್ಕೆ ಇಳಿಸಿ. 1.060 ಅಷ್ಟೇ ಬಂದರೆ ಸಕ್ಕರೆಯೇ ಪೂರ್ತಿ ಆಗಿಲ್ಲ. ಬಿಳಿ ತಟ್ಟೆ ಮೇಲೆ ಒಂದು ತೊಟ್ಟು ವೋರ್ಟ್, ಅದಕ್ಕೆ ಒಂದು ತೊಟ್ಟು ಟಿಂಕ್ಚರ್ ಅಯೋಡಿನ್ ಹಾಕಿ. ಕಡುನೀಲಿಗೆ ತಿರುಗಿದರೆ ಪಿಷ್ಟ ಇನ್ನೂ ಇದೆ. ಆ ತೊಟ್ಟನ್ನು ಪಾತ್ರೆಗೆ ವಾಪಸ್ ಹಾಕಬೇಡಿ, ಚೆಲ್ಲಿಬಿಡಿ.

ನನಗೆ ಅನುಮಾನ ಈ ಎರಡನೆಯದರ ಮೇಲೇ, ಅಂದರೆ ಸಕ್ಕರೆಯೇ ಪೂರ್ತಿ ಆಗದಿರುವುದರ ಮೇಲೇ, ಅದಕ್ಕೆ ಕಾರಣ ನಿಮ್ಮ ಮಿಷಿನ್ ಮತ್ತು ನಿಮ್ಮ ಬೋರ್.

ಮಿಷಿನ್‌ನವರು ಬಿಗಿ ಮಾಡಿದರೆ ಹೊಟ್ಟೂ ಹಿಟ್ಟಾಗಿ ಮ್ಯಾಶ್ ಕಟ್ಟಿಕೊಳ್ಳುತ್ತದೆ, ಸಡಿಲ ಬಿಟ್ಟರೆ ಅರ್ಧ ಕಾಳು ಇಡಿಯಾಗೇ ಉಳಿಯುತ್ತದೆ. ನಿಮ್ಮದು ಸಡಿಲ ಆಗಿರಬಹುದು ಅಂತ ನನ್ನ ಊಹೆ. ಒಂದು ಹಿಡಿ ತೆಗೆದು ನೋಡಿ, ಒಡೆಯದ ಕಾಳು ಕಾಣಬಾರದು, ಒಳಗಿನದು ಅಕ್ಕಿ ನುಚ್ಚಿನ ಹಾಗಿರಬೇಕು. ಒಡೆಸುವ ಮುಂಚೆ 5 ಕೆಜಿಗೆ 100 ಮಿಲಿ ನೀರು ಚಿಮುಕಿಸಿ, ಕಲಸಿ ಹತ್ತು ನಿಮಿಷ ಬಿಟ್ಟರೆ ಹೊಟ್ಟು ಮೆತ್ತಗಾಗಿ ಪುಡಿಯಾಗುವುದು ತಪ್ಪುತ್ತದೆ. ಮೆಣಸಿನಕಾಯಿ ಬೀಸಿದ ಮಿಷಿನ್ ಕಡೆ ಮಾತ್ರ ಹೋಗಬೇಡಿ!

ನೀರಿನ ವಿಷಯವನ್ನು ಯಾರೂ ಗಮನಿಸುವುದಿಲ್ಲ. ನಮ್ಮ ಕಡೆ ಆಳದ ಬೋರ್‌ಗಳ ನೀರು ಗಡಸು ಜಾಸ್ತಿ, ಬೈಕಾರ್ಬನೇಟ್ ಜಾಸ್ತಿ, ಅದು ಮ್ಯಾಶ್‌ನ ಪಿಎಚ್ ಏರಿಸುತ್ತದೆ. ಬೇಕಾದ್ದು 5.2ರಿಂದ 5.6, ಅದೂ ಆರಿಸಿದ ಮೇಲೆ ಅಳೆದದ್ದು. 6ರ ಹತ್ತಿರ ಹೋದರೆ ಪಿಷ್ಟವನ್ನು ಸಕ್ಕರೆ ಮಾಡುವ ಎನ್ಜೈಮ್‌ಗಳು ಮಂಕಾಗುತ್ತವೆ, ತೊಳೆಯುವಾಗ ಹೊಟ್ಟಿನಿಂದ ಒಗರೂ ಇಳಿಯುತ್ತದೆ. ಟಿಡಿಎಸ್ ಮೀಟರ್ ನೀರಲ್ಲಿ ಕರಗಿದ ಲವಣಗಳ ಒಟ್ಟು ಮೊತ್ತ ಮಾತ್ರ ತೋರಿಸುತ್ತದೆ, ಅದನ್ನು ನೋಡಿದರೆ ಇದು ಗೊತ್ತಾಗಲ್ಲ. ಬೋರ್ ನೀರನ್ನು ಕುದಿಸಿ ಆರಲು ಬಿಟ್ಟರೆ ಒಂದಷ್ಟು ಬೈಕಾರ್ಬನೇಟ್ ಬಿಳಿ ಸುಣ್ಣವಾಗಿ ತಳ ಸೇರುತ್ತದೆ. ಆದರೆ ಬೋರ್ ನೀರಲ್ಲಿ ಫ್ಲೋರೈಡ್ ಇದ್ದರೆ ಅದು ಮಾತ್ರ ಕುದಿಸಿದರೆ ಹೋಗಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಅದಕ್ಕೇ ನಾನು ಹೇಳುವುದು, ಶುದ್ಧ ನೀರಿನ ಘಟಕದಿಂದ ಎರಡು ಕ್ಯಾನ್ ಆರ್‌ಒ ನೀರು ತಂದುಬಿಡಿ. ಬರೀ ಆರ್‌ಒದಲ್ಲಿ ಕ್ಯಾಲ್ಸಿಯಂ ಇರುವುದಿಲ್ಲ, ಹಾಗಾಗಿ ಆಹಾರ ದರ್ಜೆಯ ಕ್ಯಾಲ್ಸಿಯಂ ಕ್ಲೋರೈಡ್ ಒಂದು ಚಿಟಿಕೆ ಸೇರಿಸಿ.

ಎರಡನ್ನೂ ಒಂದೇ ದಿನ ಬದಲಿಸಬೇಡಿ. ಮೊದಲು ಕಾಳು ಒಡೆಯುವುದನ್ನು ಸರಿ ಮಾಡಿ, ಮುಂದಿನ ಸಲ ನೀರು. ಇಷ್ಟಾದ ಮೇಲೂ 70ರ ಹತ್ತಿರ ನಿಂತರೆ, ಆಗ ಅರ್ಧ ಕೆಜಿ ಮಾಲ್ಟ್ ಜಾಸ್ತಿ ಹಾಕಿ, 1.056 ಮುಟ್ಟುತ್ತೀರಿ.