ಅಮೆರಿಕಕ್ಕೆ ವಲಸೆ ಹೋದ ಜರ್ಮನ್ ಪೂರ್ವಜರ ಮೂಲ ಪತ್ತೆ ಮಾಡುವುದು ಹೇಗೆ?

ಮೊದಲು ಅವರ ಹಳ್ಳಿಯ ಹೆಸರು ಹುಡುಕಿ. ಸುಮ್ನೆ ‘ಜರ್ಮನಿ’ ಅಂತ ಗೊತ್ತಿದ್ದರೆ ಸಾಲದು. 1876ಕ್ಕೆ ಮುಂಚೆ ಅಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಜನನ-ಮರಣ ನೋಂದಣಿ ಇರಲಿಲ್ಲ; ಹೆಚ್ಚಿನ ಕಡೆ ಆಯಾ ಊರಿನ ಚರ್ಚಿನ ಪುಸ್ತಕವೇ ದಾಖಲೆ. ಅಮೆರಿಕದ ಜನಗಣತಿಯವರು ‘ಪ್ರಷ್ಯಾ’, ‘ಬವೇರಿಯಾ’ ಅಂತ ಬರೀ ಜರ್ಮನ್ ರಾಜ್ಯದ ಹೆಸರು ಬರೆದು ಕೈತೊಳೆದುಕೊಂಡಿರುವುದೇ ಜಾಸ್ತಿ.

ಹಾಗಾಗಿ ಮನೆಯ ಹಳೇ ಪೆಟ್ಟಿಗೆ ತೆಗೆಯಿರಿ. ಬೈಬಲ್ಲಿನ ಖಾಲಿ ಹಾಳೆಯಲ್ಲಿ ಬರೆದಿಟ್ಟ ಹುಟ್ಟು-ಮದುವೆ, ದೀಕ್ಷಾಸ್ನಾನದ ಪತ್ರ, ಫೋಟೋದ ರಟ್ಟಿನ ಮೇಲೆ ಅಚ್ಚಾದ ಸ್ಟುಡಿಯೋ ವಿಳಾಸ, ಇವುಗಳಲ್ಲಿ ಸುಳಿವು ಸಿಗಬಹುದು. ಆಮೇಲೆ ಹಡಗಿನ ಪಟ್ಟಿ. ಹ್ಯಾಂಬರ್ಗ್ ಬಂದರಿನ 1850–1934ರ ಪಟ್ಟಿಗಳಲ್ಲಿ ಪ್ರಯಾಣಿಕರ ಊರೂ ಇರುತ್ತದೆ. ಇನ್ನೊಂದು ಬಂದರು ಬ್ರೆಮೆನ್‌ನ ಪಟ್ಟಿಗಳು ಬಹುಪಾಲು ನಾಶವಾಗಿವೆ.

ಹಳೇ ಕೈಬರಹ ಕುರೆಂಟ್ ಅನ್ನೋ ಹಳೇ ಜರ್ಮನ್ ಲಿಪಿಯಲ್ಲಿರುತ್ತದೆ. ಅದರಲ್ಲಿ ‘e’ ಅಕ್ಷರ ‘n’ ಥರ ಕಾಣುತ್ತದೆ, ಊರಿನ ಹೆಸರು ಎರಡು ಸಲ ಓದಿ.